ಅಪ್ಪನ ತೋಟ, ಬೆಂಗಳೂರಿನ ಮನೆ, ಮೂವರು ಮಕ್ಕಳು: ಉಯಿಲು ಬರೆಸೋದು ಎಲ್ಲಿಂದ ಶುರು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 76, ಅಮ್ಮನಿಗೆ 70. ಅಪ್ಪನಿಗೆ ಸ್ಟೆಂಟ್ ಹಾಕಿಸಿದ ಮೇಲೆ ಆಸ್ತಿ ವಿಷಯ ಎಲ್ಲರ ಮನಸ್ಸಲ್ಲೂ ಇದೆ, ಬಾಯಿ ಮಾತ್ರ ಯಾರೂ ಬಿಡ್ತಿಲ್ಲ. ತೀರ್ಥಹಳ್ಳಿ ಕಡೆ 3 ಎಕರೆ 10 ಗುಂಟೆ ಅಡಿಕೆ ತೋಟ, ಅಲ್ಲೇ ಹಳೇ ಮನೆ. ಬೆಂಗಳೂರಲ್ಲಿ ಅಪ್ಪ ನಿವೃತ್ತಿ ದುಡ್ಡಲ್ಲಿ ಕಟ್ಟಿಸಿದ 30x40 ಮನೆ. ಒಂದಿಷ್ಟು ಎಫ್‌ಡಿ, ಸ್ವಲ್ಪ ಷೇರು, ಅಮ್ಮನ ಒಡವೆ. ಅಕ್ಕ ಶಿವಮೊಗ್ಗದಲ್ಲಿ, ನಾನು ಬೆಂಗಳೂರಲ್ಲಿ, ತಮ್ಮ ನ್ಯೂಜೆರ್ಸಿಯಲ್ಲಿ.

ಅಪ್ಪ ಹೇಳೋದು: "ಎಲ್ಲಾ ಕಡೆ ನಿಮ್ಮಮ್ಮನ್ನ ನಾಮಿನಿ ಮಾಡಿದೀನಿ, ಉಯಿಲು ಗಿಯಿಲು ಯಾಕೆ?" ಚಿಕ್ಕಪ್ಪ ಹೇಳೋದು: "ಈಗಲೇ ದಾನಪತ್ರ ಮಾಡಿ ಮುಗಿಸಿಬಿಡು." ಸಂಬಂಧಿಕರಲ್ಲಿ ಇನ್ನೊಬ್ಬರು: "ಮೊದಲು ಮಗಳ ಹತ್ರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊ." ನನಗೆ ತಲೆಬುಡ ಅರ್ಥ ಆಗ್ತಿಲ್ಲ. ಗೊತ್ತಿರೋರು ಹೇಳಿ.

ಬಿಸಿಲುಕುದುರೆ
ನಾಮಿನಿ ಇದ್ರೆ ಸಾಕು ಗುರುವೇ. ನಮ್ಮ ಮಾವ ತೀರಿಕೊಂಡಾಗ ಮರಣ ಪ್ರಮಾಣಪತ್ರ ಕೊಟ್ವಿ, ಬ್ಯಾಂಕು ದುಡ್ಡು ಕೊಡ್ತು. ಉಯಿಲು ಎಲ್ಲ ಕೋಟ್ಯಧಿಪತಿಗಳಿಗೆ.

ಕೋರ್ಟುರಸ್ತೆ_ಮೈಸೂರು
ಬಿಸಿಲುಕುದುರೆಯವರೇ, ಬ್ಯಾಂಕು ದುಡ್ಡು ಕೊಟ್ಟಿದ್ದು ನಿಜ. ಆದರೆ ಅದು ಯಾರದ್ದು ಅಂತ ತೀರ್ಮಾನಿಸೋದು ಬ್ಯಾಂಕಿನ ಕೆಲಸ ಅಲ್ಲ. ನಿಮ್ಮ ಮಾವನ ಮನೆಯಲ್ಲಿ ಯಾರೂ ಜಗಳ ತೆಗೀಲಿಲ್ಲ, ಅಷ್ಟೆ.

ನಾಮಿನಿ ಅಂದರೆ ದುಡ್ಡನ್ನು ಇಸ್ಕೊಂಡು ವಾರಸುದಾರರಿಗೆ ತಲುಪಿಸೋ ಹೊಣೆ ಇರುವವರು. ಸುಪ್ರೀಂ ಕೋರ್ಟು ವಿಮೆ ವಿಷಯದಲ್ಲಿ ಇದನ್ನ 1983ರಲ್ಲೇ ಹೇಳಿತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ತಂದು, ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣ ಅವರದ್ದೇ ಅನ್ನೋ ಅರ್ಥದ ಮಾತು ಸೇರಿಸಿದರು. ಅದಾದ ಮೇಲೂ 2025ರಲ್ಲಿ ನಮ್ಮ ಹೈಕೋರ್ಟು, ವಾರಸುದಾರರು ಬಂದು ಪಾಲು ಕೇಳಿದರೆ ಉತ್ತರಾಧಿಕಾರ ಕಾನೂನೇ ಮೇಲು ಅಂದಿದೆ. ಆ ಕೇಸಿನಲ್ಲಿ ಹುಡುಗ ಮದುವೆಗೆ ಮುಂಚೆ ತಾಯಿಯನ್ನ ನಾಮಿನಿ ಮಾಡಿದ್ದ, ಮದುವೆ ಆಗಿ ಮಗು ಆದಮೇಲೂ ಬದಲಾಯಿಸಿರಲಿಲ್ಲ. ಕೊನೆಗೆ ತಾಯಿ, ಹೆಂಡತಿ, ಮಗು ಮೂವರಿಗೂ ಪಾಲಾಯಿತು.

ಹಾಗಂತ ನಾಮಿನಿ ಹಾಕೋದು ಬಿಡಬೇಡಿ. ಅದಿಲ್ಲದಿದ್ದರೆ ಬ್ಯಾಂಕಿಗೆ ಅಲೆದಾಟ ತಪ್ಪಲ್ಲ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಉಯಿಲಿನಲ್ಲಿ ಬರೆದಿದ್ದಕ್ಕೂ ನಾಮಿನಿ ಫಾರಂಗೂ ತಾಳೆ ಇರಲಿ.

ತುಂಗಾತೀರ ಅವರೇ, ಉಯಿಲಿಲ್ಲದೆ ನಿಮ್ಮ ತಂದೆಯವರು ಹೋದರೆ ಅವರ ಸ್ವಯಾರ್ಜಿತ ಆಸ್ತಿ ನಿಮ್ಮ ತಾಯಿಗೂ ನಿಮ್ಮ ಮೂವರಿಗೂ ಸಮ ನಾಲ್ಕು ಪಾಲು. ನಿಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಇದ್ದರೆ ಐದು. ಹೆಂಡತಿಗೆ ಎಲ್ಲಾ ಹೋಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಬೆಂಗಳೂರಿನ ಮನೆಯಲ್ಲಿ ನಿಮ್ಮ ತಾಯಿ ಕಾಲುಭಾಗದ ಒಡತಿ ಆಗಿ, ಉಳಿದ ಮುಕ್ಕಾಲಿಗೆ ಮಕ್ಕಳ ಮುಖ ನೋಡಬೇಕಾಗುತ್ತೆ. ಉಯಿಲು ಬರೆಸೋಕೆ ಇದೊಂದೇ ಕಾರಣ ಸಾಕು.

ಧಾರವಾಡ_ಪೇಡೆ
ವಕೀಲರು ಹೇಳಿದ್ದು ಖರೆ ಅದ. ಆದ್ರ ಎಲ್ಲಾರೂ ಉಯಿಲು ಉಯಿಲು ಅಂತ ಕುಂತೀರಿ, ಮೊದ್ಲ ಕೇಳೋ ಪ್ರಶ್ನೆ ಯಾರೂ ಕೇಳ್ಲೇ ಇಲ್ಲ. ತಮ್ಮಾ, ಆ ತೋಟ ನಿಮ್ಮಪ್ಪಗ ಹೆಂಗ ಬಂತು? ಖರೀದಿ ಮಾಡಿದ್ರೋ, ಅಜ್ಜಂದೋ, ಗೇಣಿ ಜಮೀನೋ? ಪಹಣಿ ಒಳಗ ಒಬ್ಬರ ಹೆಸರದ ಅಂದ ಕೂಡ್ಲೆ ಅದು ಅವರದ್ದಷ್ಟೇ ಅಂತ ಆಗೂದಿಲ್ಲ.

ತುಂಗಾತೀರ
ಅಜ್ಜ ಗೇಣಿದಾರರಾಗಿದ್ದರು. ಅಜ್ಜ ತೀರಿಕೊಂಡ ಮೇಲೆ ಉಳುವವನೇ ಒಡೆಯ ಬಂದಾಗ ಅಪ್ಪ ಹಿರಿಮಗ ಅಂತ ಫಾರಂ 7 (ಗೇಣಿ ಜಮೀನಿನ ಹಕ್ಕು ಕೇಳೋ ಅರ್ಜಿ) ಹಾಕಿದ್ದು. ಪಹಣಿ ಅಪ್ಪನ ಹೆಸರಲ್ಲೇ ಇದೆ. ಚಿಕ್ಕಪ್ಪನಿಗೆ ಆಮೇಲೆ ಬೇರೆ ಕಡೆ ಒಂದೂವರೆ ಎಕರೆ ಬಿಟ್ಟುಕೊಟ್ಟರು, ಬಾಯಿಮಾತಲ್ಲಿ. ಇಬ್ಬರು ಅತ್ತೆಯರು ಇದ್ದಾರೆ.

ಕೋರ್ಟುರಸ್ತೆ_ಮೈಸೂರು
ಧಾರವಾಡದವರು ಸರಿಯಾದ ಜಾಗಕ್ಕೆ ಕೈಯಿಟ್ಟರು. ಇದು ಇಡೀ ಲೆಕ್ಕ ಬದಲಾಯಿಸುತ್ತೆ, ಸ್ವಲ್ಪ ಉದ್ದ ಬರೀತೀನಿ.

1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಭೂನ್ಯಾಯಮಂಡಳಿ ಅಧಿಭೋಗದ ಹಕ್ಕು ಕೊಟ್ಟಿದ್ದು ಅರ್ಜಿ ಹಾಕಿದವರ ಹೆಸರಿಗೆ. ಆದರೆ ಆ ಗೇಣಿ ಮೂಲದಲ್ಲಿ ಕೂಡುಕುಟುಂಬದ್ದಾಗಿದ್ದರೆ, ಹಿರಿಮಗ ಇಡೀ ಮನೆಯ ಪರವಾಗಿ ಅರ್ಜಿ ಹಾಕಿದ ಅಂತಲೇ ನ್ಯಾಯಾಲಯಗಳು ನೋಡುತ್ತವೆ. ಮಲೆನಾಡು, ಕರಾವಳಿಯ ಸಿವಿಲ್ ಕೋರ್ಟುಗಳಲ್ಲಿ ಇಂಥ ದಾವೆಗಳಿಗೆ ಬರವಿಲ್ಲ. ಹಾಗಾಗಿ ತೋಟ ಅಪ್ಪನ ಸ್ವಯಾರ್ಜಿತ ಅಂತ ಕಣ್ಣುಮುಚ್ಚಿ ಉಯಿಲಿನಲ್ಲಿ ಬರೆಸಿದರೆ ನಾಳೆ ಚಿಕ್ಕಪ್ಪನ ಮಕ್ಕಳೋ ಅತ್ತೆಯರ ಮಕ್ಕಳೋ ಪ್ರಶ್ನೆ ಮಾಡಬಹುದು. ಮಂಡಳಿಯ ಆದೇಶ, ಫಾರಂ 7ರ ನಕಲು, ಫಾರಂ 10 (ಅಧಿಭೋಗದ ಹಕ್ಕಿನ ಪ್ರಮಾಣಪತ್ರ), ಹಳೇ ಪಹಣಿ, ಮ್ಯುಟೇಷನ್ ಎಲ್ಲ ತೆಗೆಸಿ ಓದಿಸಿ. ಓದದೆ ಯಾವ ವಕೀಲನೂ ಖಡಾಖಂಡಿತ ಹೇಳಬಾರದು, ನಾನೂ ಹೇಳಲ್ಲ.

ಎರಡನೇದು. ತೋಟ ಪಿತ್ರಾರ್ಜಿತ ಅಂತ ಆದರೆ, ನಿಮ್ಮ ಅಪ್ಪ ಉಯಿಲು ಬರೆಯೋಕೆ ಆಗೋದು ತಮ್ಮ ಪಾಲಿಗೆ ಮಾತ್ರ. ಅದನ್ನ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮೇ ಒಪ್ಪುತ್ತೆ. ಆದರೆ ಮಕ್ಕಳ ಪಾಲನ್ನ ಅಪ್ಪ ಯಾರಿಗೂ ಬರೆದುಕೊಡೋಕಾಗಲ್ಲ. ಮಕ್ಕಳು ಅಂದರೆ ಅಕ್ಕನೂ ಸೇರಿ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವರು ಆಗದವರು ಅನ್ನೋ ಭೇದ ತೆಗೆದುಹಾಕಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಭಾಗ, ಮಾರಾಟದಂಥ ವಿಲೇವಾರಿಗಳಿಗೆ ಮಾತ್ರ ರಕ್ಷಣೆ. ಬಾಯಿಮಾತಿನ ಪಾಲುಪಾರೀಖತ್ತನ್ನ ಕೋರ್ಟು ಸುಲಭಕ್ಕೆ ನಂಬಲ್ಲ.

ನನ್ನ ಅಭಿಪ್ರಾಯ: ತೋಟಕ್ಕೂ ಬೆಂಗಳೂರಿನ ಮನೆಗೂ ಒಂದೇ ಕಾಗದ ಮಾಡಬೇಡಿ. ತೋಟಕ್ಕೆ, ಎಲ್ಲರೂ ಬದುಕಿರುವಾಗಲೇ, ಚಿಕ್ಕಪ್ಪ-ಅತ್ತೆಯರನ್ನೂ ಕೂರಿಸಿಕೊಂಡು ನೋಂದಾಯಿತ ವಿಭಾಗ ಪತ್ರ. ಮನೆ, ಎಫ್‌ಡಿ, ಷೇರಿಗೆ ಉಯಿಲು. ಕುಟುಂಬದೊಳಗಿನ ವಿಭಾಗಕ್ಕೆ ಕ್ರಯಪತ್ರದಂತೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಇಲ್ಲ, ಪಾಲಿಗಿಷ್ಟು ಅಂತ ಇದೆ. ಖರ್ಚಿಗೆ ಹೆದರಬೇಡಿ.

ಮನೆಮಗಳು_ಹಾಸನ
ಮೊದಲ ಪೋಸ್ಟಲ್ಲಿ "ಮಗಳ ಹತ್ರ ಸಹಿ ಹಾಕಿಸಿಕೊ" ಅಂತ ಓದಿದೆ. ನನಗೂ ಹಾಕಿಸಿಕೊಂಡರು. ಹಬ್ಬಕ್ಕೆ ಅಂತ ಕರೆದು, ಊಟ ಹಾಕಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರ್ಕೊಂಡು ಹೋಗಿ. ಅರಿಶಿನ ಕುಂಕುಮಕ್ಕೆ ಅಂತ ಒಂದು ಲಕ್ಷ ಕೊಟ್ಟರು. ಆ ಜಮೀನಿನ ಬೆಲೆ ಎಷ್ಟು ಅಂತ ನನಗೆ ಗೊತ್ತಿತ್ತು, ತವರುಮನೆ ಬಾಗಿಲು ಮುಚ್ಚಿದರೆ ಅಂತ ಹೆದರಿ ಸುಮ್ಮನಿದ್ದೆ. ಆಮೇಲೂ ಬಾಗಿಲು ಅಷ್ಟೇನೂ ತೆರೆದಿಲ್ಲ ಬಿಡಿ.

ಅಣ್ಣಾ, ನಿಮ್ಮ ಅಕ್ಕನಿಗೆ ಬೇಡ ಅಂದರೆ ಅವರೇ ಹೇಳಲಿ. ಪತ್ರದ ಕರಡು ಒಂದು ವಾರ ಮೊದಲೇ ಅವರ ಕೈಗೆ ಕೊಡಿ, ಅವರ ಕಡೆಯ ವಕೀಲರು ಓದಲಿ. ಅಷ್ಟು ಮಾಡಿ.

ಗೌಡ್ರಹಟ್ಟಿ
ಮೇಡಂ ಹೇಳೋದು ಒಪ್ತೀನಿ, ಆದ್ರೆ ಮದುವೆಗೆ ಸಾಲ ಮಾಡಿ 20 ಲಕ್ಷ ಖರ್ಚು ಮಾಡಿದ್ದು, ಒಡವೆ ಹಾಕಿದ್ದು ಲೆಕ್ಕಕ್ಕೇ ಇಲ್ವಾ? ಗಂಡುಮಕ್ಕಳು ಊರಲ್ಲೇ ಇದ್ದು ಅಪ್ಪ-ಅಮ್ಮನ್ನ ನೋಡಿಕೊಂಡಿರ್ತಾರೆ.

ಕೋರ್ಟುರಸ್ತೆ_ಮೈಸೂರು
ಪಿತ್ರಾರ್ಜಿತದಲ್ಲಿ ಮದುವೆ ಖರ್ಚಿಗೆ ಹೆಣ್ಣುಮಗಳ ಹಕ್ಕು ವಜಾ ಆಗಲ್ಲ. ಗಂಡುಮಕ್ಕಳ ಇಂಜಿನಿಯರಿಂಗ್ ಸೀಟಿನ ಖರ್ಚನ್ನ ಯಾರೂ ಪಾಲಿನಲ್ಲಿ ಕಳೆದಿದ್ದು ನಾನು ನೋಡಿಲ್ಲ. ಸ್ವಯಾರ್ಜಿತದ ಮಾತು ಬೇರೆ. ಅಲ್ಲಿ ಅಪ್ಪ ಯಾರಿಗೆ ಎಷ್ಟು ಬೇಕಾದರೂ ಬರೆಯಬಹುದು. "ನೋಡಿಕೊಂಡ ಮಗನಿಗೆ ಹೆಚ್ಚು" ಅಂತಿದ್ದರೆ ಕಾರಣವನ್ನ ಉಯಿಲಲ್ಲೇ ಎರಡು ಸಾಲು ಬರೆಸಲಿ. ಯಾರನ್ನಾದರೂ ಪೂರ್ತಿ ಬಿಡುತ್ತಿದ್ದರಂತೂ ಬರೆಸಲೇಬೇಕು.

ಪಿಂಚಣಿರಾಯರು
ನಾನು 34 ವರ್ಷ ಬ್ಯಾಂಕಿನಲ್ಲಿದ್ದವನು. ದಾನಪತ್ರದ ಬಗ್ಗೆ ಎರಡು ಮಾತು. ಮನೆಯವರಿಗೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕ ತೀರ ಕಡಿಮೆ, ಮಕ್ಕಳು ಪಡೆದ ದಾನಕ್ಕೆ ಆದಾಯ ತೆರಿಗೆಯೂ ಇಲ್ಲ. ಹಾಗಾಗಿ ಜನ ಅದಕ್ಕೆ ಬೀಳ್ತಾರೆ. ಆದರೆ ಉಯಿಲನ್ನ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ದಾನಪತ್ರ ಕೈಬಿಟ್ಟ ಬಾಣ. ಇರೋ ಒಂದು ಮನೆಯನ್ನ ಮಗನ ಹೆಸರಿಗೆ ಮಾಡಿ, ಆಮೇಲೆ ಸೊಸೆ ಅಡುಗೆಮನೆ ಬೇರೆ ಮಾಡಿದಳು ಅಂತ ಕೌಂಟರಿನಲ್ಲಿ ಅತ್ತ ಹಿರಿಯರನ್ನ ನೋಡಿದೀನಿ.

ಕೊಡಲೇಬೇಕು ಅಂತಿದ್ದರೆ, ಇಬ್ಬರೂ ಬದುಕಿರುವವರೆಗೆ ಅಲ್ಲಿ ವಾಸಿಸುವ, ಬಾಡಿಗೆ ಪಡೆಯುವ ಹಕ್ಕು ಉಳಿಸಿಕೊಂಡು ಬರೆಸಿ. ಜೊತೆಗೆ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನೋ ಷರತ್ತು ಪತ್ರದಲ್ಲೇ ಇರಲಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಬಹುದು, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. ಷರತ್ತು ಇಲ್ಲದಿದ್ದರೆ ಕಷ್ಟ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯ ತೀರ್ಪಿನಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ನೋಡಿದೆ. ಆದರೂ ಕಾಗದದಲ್ಲಿ ಇರೋದೇ ಕ್ಷೇಮ.

ಬಿಸಿಲುಕುದುರೆ
ಸರಿ ಸ್ವಾಮಿ, ಉಯಿಲು ಬರೆಸೋಣ. ಛಾಪಾಕಾಗದ ಎಷ್ಟರದ್ದು ತರಬೇಕು?

ಪತ್ರಬರಹಗಾರ
ಒಂದು ರೂಪಾಯಿದೂ ಬೇಡ. ಉಯಿಲಿಗೆ ಮುದ್ರಾಂಕ ಇಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು, ಕೈಬರಹವೂ ನಡೆಯುತ್ತೆ. ನೋಂದಣಿಯೂ ಕಡ್ಡಾಯ ಅಲ್ಲ. ಕಡ್ಡಾಯ ಇರೋದು ಒಂದೇ: ಬರೆಯುವವರು ಸಹಿ ಹಾಕಬೇಕು, ಅಥವಾ ಹೆಬ್ಬೆಟ್ಟು ಒತ್ತಬೇಕು. ಅದನ್ನ ಇಬ್ಬರು ಸಾಕ್ಷಿಗಳು ಕಣ್ಣಾರೆ ಕಂಡು, ಅವರ ಎದುರಲ್ಲೇ ತಾವೂ ಸಹಿ ಹಾಕಬೇಕು. ಒಳಗೆ ಏನು ಬರೆದಿದೆ ಅಂತ ಸಾಕ್ಷಿಗಳಿಗೆ ಗೊತ್ತಿರಬೇಕಾಗಿಲ್ಲ.

ನಾನು ಇಷ್ಟು ವರ್ಷ ಪತ್ರ ಬರೆದು ಕಂಡಿದ್ದು, ಉಯಿಲು ಕೆಡೋದು ಸಾಕ್ಷಿಗಳಿಂದ. ನಾಳೆ ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಅಪ್ಪನ ವಯಸ್ಸಿನ ಗೆಳೆಯರನ್ನೇ ಇಬ್ಬರನ್ನೂ ಸಾಕ್ಷಿ ಹಾಕಿಸ್ತಾರೆ. ಹತ್ತು ವರ್ಷ ಆದಮೇಲೆ ಅವರೂ ಇರಲ್ಲ. 40-45ರ ಒಳಗಿನವರು, ಊರು ಬಿಟ್ಟು ಹೋಗದವರು, ಆಸ್ತಿಯಲ್ಲಿ ಪಾಲು ಪಡೆಯದವರು ಇರಲಿ. ಮನೆ ಡಾಕ್ಟರು ಒಪ್ಪಿದರೆ ಅವರಿಗಿಂತ ಒಳ್ಳೇ ಸಾಕ್ಷಿ ಇಲ್ಲ, "ಸ್ವಸ್ಥಚಿತ್ತ" ಅನ್ನೋದಕ್ಕೂ ಆಧಾರ ಆಗುತ್ತೆ.

ಒಕ್ಕಣೆಯಲ್ಲಿ "ನನ್ನ ಬೆಂಗಳೂರಿನ ಮನೆ" ಅಂತ ಬರೆದು ಬಿಡಬೇಡಿ. ಖಾತೆ ಸಂಖ್ಯೆ, ಅಳತೆ, ನಾಲ್ಕೂ ಕಡೆ ಚಕ್ಕುಬಂದಿ, ಕ್ರಯಪತ್ರದ ನೋಂದಣಿ ಸಂಖ್ಯೆ ದಿನಾಂಕ. ಜಮೀನಾದರೆ ಸರ್ವೆ ನಂಬರು, ಹಿಸ್ಸಾ. "ಇಲ್ಲಿ ಹೆಸರಿಸದ, ಮುಂದೆ ನನಗೆ ಬರಬಹುದಾದ ಎಲ್ಲ ಸ್ವತ್ತು ಇಂಥವರಿಗೆ" ಅಂತ ಕೊನೆಗೊಂದು ಸಾಲು ಇಲ್ಲದಿದ್ದರೆ, ಆಮೇಲೆ ಮಾಡಿದ ಎಫ್‌ಡಿಗೆ ಮತ್ತೆ ಎಲ್ಲರೂ ಪಾಲುದಾರರು. ಯಾರಿಗೆ ಕೊಡ್ತೀರೋ ಅವರೇ ಮೊದಲು ಹೋದರೆ ಮುಂದೆ ಯಾರಿಗೆ ಅನ್ನೋದೂ ಇರಲಿ. ಉಯಿಲಿನಂತೆ ನಡೆಸಿಕೊಡೋಕೆ ಒಬ್ಬರನ್ನ ನೇಮಿಸಿ.

ನೋಂದಣಿ ಮಾಡಿಸಿ ಅಂತಲೇ ನನ್ನ ಸಲಹೆ. ಕಳೆದುಹೋಗಲ್ಲ, ಹಾಳೆ ಬದಲಾಯಿಸೋಕಾಗಲ್ಲ, ಖಾತೆ ಬದಲಾವಣೆಗೆ ಹೋದಾಗ ಗುಮಾಸ್ತರೂ ಜಾಸ್ತಿ ಕಾಡಲ್ಲ. ಓಡಾಡೋಕಾಗದವರಿದ್ದರೆ ಅರ್ಜಿ ಕೊಟ್ಟು ಉಪನೋಂದಣಾಧಿಕಾರಿಗಳನ್ನೇ ಮನೆಗೆ ಕರೆಸಬಹುದು.

ಕೋರ್ಟುರಸ್ತೆ_ಮೈಸೂರು
ಪತ್ರಬರಹಗಾರರು ಚೆನ್ನಾಗಿ ಹೇಳಿದರು. ಒಂದೇ ಸೇರಿಸ್ತೀನಿ. ಇಡೀ ದೇಶದ ಕೋರ್ಟುಗಳು ಉಯಿಲಿನ ವಿಷಯಕ್ಕೆ ಇವತ್ತಿಗೂ ಎತ್ತಿ ಹೇಳೋ ವೆಂಕಟಾಚಲ ಅಯ್ಯಂಗಾರ್-ತಿಮ್ಮಜಮ್ಮ ಪ್ರಕರಣ ನಮ್ಮ ಮೈಸೂರು ಕಡೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು, 1959ರ ವರದಿಗಳಲ್ಲಿದೆ. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನ ಬರೆಸಿದ್ದರೆ ಅದು ಅನುಮಾನಕ್ಕೆ ಎಡೆ. ಆ ಅನುಮಾನ ಕಳೆಯೋ ಹೊಣೆ ಅವನದ್ದೇ. ಆದ್ದರಿಂದ ತುಂಗಾತೀರ ಅವರೇ, ನೀವು ಕರಡು ಬರೆಯೋಕೆ ಹೋಗಬೇಡಿ. ಅಪ್ಪ ಒಬ್ಬರೇ ವಕೀಲರ ಜೊತೆ ಕೂರಲಿ, ನೀವು ಕಾರಿನಲ್ಲಿರಿ. ಬೆಂಗಳೂರಿನಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಅಂತ ಕೋರ್ಟು ಕೊಡೋ ಪ್ರಮಾಣಪತ್ರ) ಕಡ್ಡಾಯ ಇಲ್ಲ. ಮುಂಬೈ, ಚೆನ್ನೈ ನೆಂಟರು ಹೇಳೋ ಕತೆ ಕೇಳಿ ಗಾಬರಿ ಆಗಬೇಡಿ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿ ಅಂದಿದ್ದಕ್ಕೆ ಬಂದೆ. ನಿಮ್ಮ ತಮ್ಮನಿಗೆ ಹೇಳಿ: ಹೊರದೇಶದಲ್ಲಿ ಇರೋರು, ಅಲ್ಲಿಯ ಪೌರತ್ವ ತಗೊಂಡೋರು ಸಹ ಕೃಷಿ ಜಮೀನನ್ನ ವಾರಸಿಕೆಯಿಂದ ಪಡೆಯಬಹುದು. ಕೊಂಡುಕೊಳ್ಳೋಕೆ ಮಾತ್ರ ಆಗಲ್ಲ. ಮಾರಬೇಕಾದರೆ ಭಾರತದಲ್ಲಿರೋ ಭಾರತೀಯರಿಗೇ ಮಾರಬೇಕು. ವಿಭಾಗ ಪತ್ರಕ್ಕೆ ಅವರು ಬರೋಕಾಗದಿದ್ದರೆ ಅಮೆರಿಕದ ನೋಟರಿ ಅಥವಾ ಭಾರತದ ಕಾನ್ಸುಲೇಟಿನ ಮುಂದೆ ಸಹಿ ಹಾಕಿ ಜಿಪಿಎ (ತಮ್ಮ ಪರವಾಗಿ ವ್ಯವಹರಿಸೋಕೆ ಕೊಡೋ ಅಧಿಕಾರಪತ್ರ) ಕಳಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು.

ಇನ್ನೊಂದು ಸೂಕ್ಷ್ಮ ಇದೆ. ಇಲ್ಲಿ ಅಮೆರಿಕದಲ್ಲಿ ನಾವೆಲ್ಲ ಉಯಿಲು, ಟ್ರಸ್ಟು ಮಾಡಿಸ್ತೀವಿ. ಅದರ ಮೊದಲ ಸಾಲೇ "ಹಿಂದಿನ ಎಲ್ಲಾ ಉಯಿಲು ರದ್ದು". ಊರಿನ ಆಸ್ತಿಗೆ ಬೆಂಗಳೂರಲ್ಲಿ ಬರೆಸಿದ್ದ ಉಯಿಲು ಆ ಒಂದು ಸಾಲಿಗೆ ಹೋಗಿಬಿಡುತ್ತೆ. ಎರಡೂ ಕಡೆ ಬೇರೆ ಬೇರೆ ಉಯಿಲು ಇರಲಿ, ಇದು ಇಂಥ ದೇಶದ ಆಸ್ತಿಗೆ ಮಾತ್ರ ಅಂತ ಎರಡರಲ್ಲೂ ಬರೆಸಲಿ.

ಮತ್ತೆ, ಅಪ್ಪನ ಜಿಪಿಎ ಇಟ್ಟುಕೊಂಡು "ಆಮೇಲೆ ನೋಡಿಕೊಳ್ಳೋಣ" ಅನ್ನೋರಿಗೆ: ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಜಿಪಿಎ ಸತ್ತಂತೆ.

ಸ್ಕೂಲ್_ಟೀಚರಮ್ಮ
ಎಲ್ಲರೂ ಅಪ್ಪನ ಉಯಿಲಿನ ಬಗ್ಗೆಯೇ ಬರೀತಿದ್ದೀರಿ. ಅಮ್ಮನದ್ದು? ಒಡವೆ ಅವರದ್ದು, ಅಪ್ಪ ಬರೆದುಕೊಟ್ಟರೆ ನಾಳೆ ಮನೆಯೂ ಅವರದ್ದು. ಅದೇ ದಿನ ಅವರ ಉಯಿಲೂ ಆಗಲಿ.

ಕೆಲಸ ಮಾಡೋ ಹೆಣ್ಣುಮಕ್ಕಳು ಇದನ್ನ ಗಮನಿಸಿ. ಗಂಡನೂ ಇಲ್ಲ, ಮಕ್ಕಳೂ ಇಲ್ಲದ ಹಿಂದೂ ಹೆಂಗಸು ಉಯಿಲಿಲ್ಲದೆ ಹೋದರೆ ಅವಳ ಸ್ವಂತ ಸಂಪಾದನೆ ಮೊದಲು ಗಂಡನ ವಾರಸುದಾರರಿಗೆ. ಹೆತ್ತ ಅಪ್ಪ-ಅಮ್ಮ ಅವರ ನಂತರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು. ತವರಿನಿಂದ ವಾರಸಿಕೆಯಲ್ಲಿ ಬಂದದ್ದು ಮಾತ್ರ ತಂದೆಯ ವಾರಸುದಾರರಿಗೆ ವಾಪಸ್ಸು ಹೋಗುತ್ತೆ. ನನ್ನ ಸಹೋದ್ಯೋಗಿಯೊಬ್ಬರ ಭವಿಷ್ಯನಿಧಿ, ಫ್ಲಾಟು ವರ್ಷಾನುಗಟ್ಟಲೆ ಮಾತಾಡದ ಮೈದುನನ ಪಾಲಾಯಿತು, ವಯಸ್ಸಾದ ತಾಯಿ ನೋಡ್ತಾ ಕೂತರು. ಒಂದು ಹಾಳೆ, ಎರಡು ಸಾಕ್ಷಿ ಇದ್ದಿದ್ದರೆ ಹೀಗಾಗ್ತಿರಲಿಲ್ಲ.

ಕುಡ್ಲದ_ಜನ
ನಮ್ಮ ಕಡೆ ಅಳಿಯಸಂತಾನ ಕಟ್ಟಿನ (ಹೆಣ್ಣಿನ ಕಡೆಯಿಂದ ಆಸ್ತಿ ಸಾಗೋ) ಹಳೇ ಕುಟುಂಬದ ಆಸ್ತಿಗೆ ಇದೇ ಕಾಯ್ದೆಯಲ್ಲಿ ಬೇರೆ ಕಲಮುಗಳು ಇವೆ, ಈ ಲೆಕ್ಕ ಹಾಗೇ ಕೂರಲ್ಲ ಮಾರಾಯ್ರೆ. ಮುಸ್ಲಿಂ ಸ್ನೇಹಿತರಿಗೂ ಬೇರೆ: ವಾರಸುದಾರರಲ್ಲದವರಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಯಿಲು ಮಾಡಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಓದುವವರು ತಮ್ಮ ಮನೆಯ ಕಾನೂನು ಯಾವುದು ಅಂತ ಮೊದಲು ನೋಡಿಕೊಳ್ಳಿ.

ನೀಲಿಚಿಟ್ಟೆ
ನಮ್ಮ ಮಗನಿಗೆ ಆಟಿಸಂ, ಈಗ 16. ಅವನ ಹೆಸರಿಗೆ ನೇರವಾಗಿ ಆಸ್ತಿ ಬರೆಯಬೇಡಿ ಅಂದರು ನಮ್ಮ ವಕೀಲರು. ಬರೆದರೆ ಅದನ್ನ ನಡೆಸೋರು ಯಾರು? ಸಣ್ಣದೊಂದು ಖಾಸಗಿ ಟ್ರಸ್ಟು ಮಾಡಿ, ನನ್ನ ತಂಗಿಯನ್ನೂ ನಂಬಿಕಸ್ಥ ಸ್ನೇಹಿತರೊಬ್ಬರನ್ನೂ ಟ್ರಸ್ಟಿಗಳಾಗಿ ಹಾಕಿದ್ದೇವೆ. ಉಯಿಲಿನಲ್ಲಿ ಆಸ್ತಿ ಆ ಟ್ರಸ್ಟಿಗೆ. 18 ಆದಮೇಲೆ ಕಾನೂನುಬದ್ಧ ಪೋಷಕರಾಗೋಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬೇಕು. ನಾನು ಅವನ ಅಮ್ಮ, ಪೋಷಕಿ ತಾನೇ ಅಂತ ಸುಮ್ಮನಿರೋಕೆ ಆಗಲ್ಲ, 18ಕ್ಕೆ ಆ ಹಕ್ಕು ಮುಗಿಯುತ್ತೆ. ಯಾರಿಗಾದರೂ ಬೇಕಾದರೆ ಸಂದೇಶ ಕಳಿಸಿ, ಕರಡು ತೋರಿಸ್ತೀನಿ.

ಪಿಂಚಣಿರಾಯರು
ಆಸ್ಪತ್ರೆ ವಿಷಯಕ್ಕೂ ಒಂದು ಕಾಗದ ಇದೆ, ಯಾರೂ ಹೇಳಲಿಲ್ಲ. ಚೇತರಿಸಿಕೊಳ್ಳೋ ಆಸೆ ಇಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮುಂಚೆಯೇ ಬರೆದಿಡೋದು. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು, 2023ರಲ್ಲಿ ಸರಳ ಮಾಡಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿದೆ. ನಾನೂ ನನ್ನವಳೂ ಮಾಡಿಸಿಟ್ಟಿದ್ದೇವೆ. ಮಕ್ಕಳು ಮುಖ ಸಿಂಡರಿಸಿದರು, ಆಮೇಲೆ ಸರಿಹೋದರು.

ತುಂಗಾತೀರ
ಇಷ್ಟೆಲ್ಲ ಬರೆದಿದ್ದಕ್ಕೆ ಕೈಮುಗೀತೀನಿ. ಅಪ್ಪನಿಗೆ ಓದಿ ಹೇಳಿದೆ. ಉಯಿಲಿನ ಮಾತಿಗೆ ಸಿಡುಕಿದರು, ಅಮ್ಮನಿಗೆ ಕಾಲುಭಾಗ ಮಾತ್ರ ಅನ್ನೋದು ಕೇಳಿದ ಮೇಲೆ ಅವರೇ "ವಕೀಲರ ನಂಬರು ಕೊಡು" ಅಂದರು. ಬೆಂಗಳೂರಿನ ಮನೆ, ದುಡ್ಡು ಎಲ್ಲಾ ಮೊದಲು ಅಮ್ಮನಿಗೆ. ಅಮ್ಮನ ಉಯಿಲೂ ಅವತ್ತೇ. ಅಕ್ಕನ ಹತ್ರ ಸಹಿ ಮಾತು ಬಿಟ್ಟಿದ್ದೇವೆ, ತೋಟದಲ್ಲಿ ಅವಳಿಗೂ ಪಾಲು. ಅವಳು "ನನ್ನ ಪಾಲಿಗೆ ಮನೆ ಹಿಂದಿನ ಬಾವಿ ಕಡೆಯ ತುಂಡು ಇರಲಿ" ಅಂದಳು. ಇಷ್ಟು ವರ್ಷ ಅವಳು ಏನೂ ಕೇಳಿರಲಿಲ್ಲ.

ಭೂನ್ಯಾಯಮಂಡಳಿ ಆದೇಶದ ನಕಲಿಗೆ ಅರ್ಜಿ ಹಾಕಿದ್ದೇನೆ. ಚಿಕ್ಕಪ್ಪ, ಅತ್ತೆಯರು ದೀಪಾವಳಿಗೆ ಬರ್ತಾರೆ, ಆಗ ಕೂತು ಮಾತಾಡಬೇಕು. ಇಡೀ ತೋಟ ಒಂದೇ ಸರ್ವೆ ನಂಬರು. ವಿಭಾಗ ಪತ್ರಕ್ಕೆ ಮುಂಚೆ ಇನ್ನೇನಾದರೂ ಮಾಡಿಸಬೇಕಾ?

ಪತ್ರಬರಹಗಾರ
11ಇ ನಕ್ಷೆ. ಒಂದು ಸರ್ವೆ ನಂಬರನ್ನ ತುಂಡು ಮಾಡಬೇಕಾದರೆ ಅದಿಲ್ಲದೆ ನೋಂದಣಿ ಆಗಲ್ಲ. ಅರ್ಜಿ ಈಗಲೇ ಹಾಕಿ, ಸರ್ವೆಯರು ಬರೋಕೆ ತಡ ಆಗುತ್ತೆ. ಅಳತೆ ದಿನ ಅಕ್ಕನನ್ನೂ ಕರೆಸಿ, ಬಾವಿ ಯಾವ ತುಂಡಿಗೆ ಬೀಳುತ್ತೆ ಅಂತ ಅಲ್ಲೇ ನಿಂತು ನೋಡಲಿ. ಬಾವಿ ನೀರು, ತೋಟಕ್ಕೆ ಹೋಗೋ ದಾರಿ ಯಾರ್ಯಾರಿಗೆ ಅನ್ನೋದನ್ನ ಪತ್ರದಲ್ಲಿ ಬೇರೆಯಾಗಿ ಬರೆಸಿ, ಮಲೆನಾಡಲ್ಲಿ ಅರ್ಧ ಜಗಳ ಅಲ್ಲೇ.